ಹಾಜರಿ ಪಟ್ಟಿ ಹಿಡಿದು ಹೋರಾಡಿದ್ದು

ಉದ್ಯೋಗ ಖಾತ್ರಿ ಶುರುವಾದ ಕಾಲದಲ್ಲಿ ನಾನು ರಾಯಚೂರು ಜಿಲ್ಲೆಯಲ್ಲಿ ಕೂಲಿಕಾರರ ಜೊತೆ ಕೆಲಸ ಮಾಡುತ್ತಿದ್ದೆ. 2006ರಲ್ಲಿ ಯೋಜನೆ ಮೊದಲು ಬಂದ 200 ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆದರೆ ದುಡಿದವರಿಗೆ ಕೂಲಿ ಸರಿಯಾಗಿ ಸಿಗುತ್ತಿರಲಿಲ್ಲ. ಧರಣಿ ಕೂತರೆ "ನೋಡೋಣ" ಅನ್ನುತ್ತಿದ್ದರು, ಅಷ್ಟೇ. ಆಗ ರಾಜಸ್ಥಾನದವರ ದಾರಿ ಹಿಡಿದೆವು.

ಅಲ್ಲಿನ ಕೂಲಿಕಾರರ, ರೈತರ ಸಂಘಟನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ 1994ರಲ್ಲೇ ಜನಸುನ್ವಾಯಿ, ಅಂದರೆ ಊರವರೇ ಲೆಕ್ಕ ಕೇಳುವ ಬಹಿರಂಗ ಸಭೆ, ಶುರು ಮಾಡಿತ್ತು. ಪಂಚಾಯಿತಿ ಲೆಕ್ಕವನ್ನು ಊರವರ ಮುಂದೆ ಓದುವುದು, ಹೌದೋ ಅಲ್ಲವೋ ಅಂತ ಅವರನ್ನೇ ಕೇಳುವುದು. ಆ ಲೆಕ್ಕದ ಪ್ರತಿಗಾಗಿ 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತಿದ್ದರು. ಅವರು ಬೀದಿಯಲ್ಲಿ ಕೂತು ಕೇಳಿದ್ದನ್ನು ನಾವು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಕೇಳಿದೆವು.

ಹಾಜರಿ ಪಟ್ಟಿಯ ಜೆರಾಕ್ಸ್ ಸಿಕ್ಕ ಕೂಡಲೇ ಸಭೆ ಕರೆಯಲಿಲ್ಲ. ಮೊದಲು ಮನೆಮನೆಗೆ ಹೋಗಿ ಓದಿ ಹೇಳಿದೆವು. ಸಭೆಯಲ್ಲಿ ಮಾತಾಡಿದವರು ಮರುದಿನವೂ ಅದೇ ಊರಲ್ಲಿ ಬದುಕಬೇಕು, ಅಲ್ವಾ? ಅದಕ್ಕೇ ಒಪ್ಪಿದವರನ್ನಷ್ಟೇ ಮಾತಿಗೆ ಕರೆದೆವು. ಒಂದೇ ಕೆಲಸಕ್ಕೆ ಹೋದವರನ್ನು ಒಟ್ಟಿಗೆ ನಿಲ್ಲಿಸಿದೆವು. ಯಾರನ್ನೂ ಬೈಯಬಾರದು, ಕಾಗದದಲ್ಲಿ ಇರುವುದನ್ನಷ್ಟೇ ಹೇಳಬೇಕು ಅಂತ ಮೊದಲೇ ಮಾತಾಗಿತ್ತು. ಅಧಿಕಾರಿಗಳಿಗೂ ಕುರ್ಚಿ ಹಾಕಿದ್ದೆವು.

ಕೆರೆ ಹೂಳೆತ್ತಿದ ಪಟ್ಟಿ ಓದುವಾಗ ಒಬ್ಬ ಹುಡುಗನ ಹೆಸರು ಬಂತು. ಆ ವಾರ ಅವನು ಬೆಂಗಳೂರಿಗೆ ಗುಳೆ ಹೋಗಿದ್ದ. ಪಟ್ಟಿಯಲ್ಲಿ ಎಲ್ಲ ದಿನವೂ ಹಾಜರ್! ಜನ ಗುಸುಗುಸು ಅಂದರು. ಆಮೇಲೆ ಒಬ್ಬ ಅಕ್ಕ ಎದ್ದು ಮುಂದೆ ಬಂದರು. ಕಾಗದ ಇಸಿದುಕೊಂಡು, ತಮ್ಮ ಹೆಸರಿನ ಮುಂದೆ ಬೆರಳಿಟ್ಟು ಕೇಳಿದರು: "ನನಗ ಸಹಿ ಮಾಡಾಕ ಬರ್ತೈತಿ. ಇದು ಯಾರ ಹೆಬ್ಬೆಟ್ಟು?" ಸುಮ್ನೆ ಕೂತಿದ್ದವರೆಲ್ಲ ತಮ್ಮ ಹೆಸರೂ ತೋರಿಸಿ ಅಂತ ಮೇಜಿಗೆ ಮುತ್ತಿದರು. ನಮ್ಮ ಭಾಷಣಗಳಿಂದ ಆಗದೇ ಇದ್ದದ್ದು ಆ ಒಂದು ಪ್ರಶ್ನೆಯಿಂದ ಆಯಿತು.

ಬಾಕಿ ಕೂಲಿ ಬಂತು, ತಡವಾಗಿ. ಆದರೆ ಹೊಸ ಕೆಲಸಕ್ಕೆ ಅರ್ಜಿ ಕೊಟ್ಟರೆ ಸ್ವೀಕೃತಿ ಕೊಡುತ್ತಿರಲಿಲ್ಲ. ನಿಜವಾದ ಜಗಳ ಅದೇ. ತಾರೀಕು ಹಾಕಿದ ಸ್ವೀಕೃತಿ ಇದ್ದರೆ 15 ದಿನದೊಳಗೆ ಕೆಲಸ ಕೊಡಲೇಬೇಕಿತ್ತು. ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ಹೆಂಗಸರು ರೊಟ್ಟಿ ಗಂಟು ಕಟ್ಟಿಕೊಂಡು ಬಂದು ಪಂಚಾಯಿತಿ ಮುಂದೆ ಕೂತರು. ಸಂಜೆ ಹೊತ್ತಿಗೆ ಪ್ರತಿ ಅರ್ಜಿಗೂ ತಾರೀಕು ಬರೆದು, ಸೀಲ್ ಹೊಡೆದು ಕೊಟ್ಟರು. ಹಾಗೆ ಕೂತು ಸ್ವೀಕೃತಿ ಪಡೆಯುವುದನ್ನು ಪಕ್ಕದ ಊರುಗಳಿಗೆ ಹೋಗಿ ಹೇಳಿಕೊಟ್ಟವರೂ ಅದೇ ಹೆಂಗಸರು.