ಎರಡು ಯುಪಿಎಸ್ ಜೋಡಿಸುವ ಮುಂಚೆ ಕೆಪಾಸಿಟರ್ ಅಳೆಯಿರಿ

ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಒಂದು ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿದ್ದರೆ ಸಾಕು, ನಮ್ಮ ಕಡೆ ಕರೆಂಟು ಮತ್ತೆ ಯಾವಾಗ ಬರುತ್ತದೋ ಹೇಳೋಕಾಗಲ್ಲ. ಗೋಣಿಕೊಪ್ಪದ ಒಂದು ರಕ್ತಪರೀಕ್ಷೆ ಲ್ಯಾಬಿನವರು ಅದಕ್ಕೇ ಎರಡು 10 ಕೆವಿಎ ಸಾಮರ್ಥ್ಯದ ಯುಪಿಎಸ್‌ಗಳನ್ನು ಪ್ಯಾರಲಲ್, ಅಂದರೆ ಒಂದೇ ಲೋಡಿಗೆ ಜೊತೆಯಾಗಿ, ಹಾಕಿಸಿಕೊಂಡಿದ್ದಾರೆ. ಒಂದು ಕೈಕೊಟ್ಟರೆ ಇನ್ನೊಂದು ಪೂರ್ತಿ ಹೊರಬೇಕು. ಹಾಗಾಗಿ ಲೋಡ್ ಲೆಕ್ಕ ಹಾಕುವಾಗ 20 ಅಂದುಕೊಳ್ಳಬೇಡಿ, 10ರೊಳಗೇ ಇರಲಿ. ನಾನು 8ಕ್ಕೇ ನಿಲ್ಲಿಸುತ್ತೇನೆ. ಯಾರಾದರೂ ಒಬ್ಬರು ಕಾಫಿಗೆ ಅಂತ ಕೆಟಲ್ ಚುಚ್ಚಿಯೇ ಚುಚ್ಚುತ್ತಾರೆ, ಅಲ್ವಾ?

ಮೆಣಸು ಕೊಯ್ಯುವ ಏಣಿಯನ್ನು ಇಬ್ಬರು ಹೊತ್ತು ನಡೆಯುವುದನ್ನು ನೋಡಿದ್ದೀರಲ್ಲ. ಹೆಜ್ಜೆ ತಪ್ಪಿದರೆ ಒಬ್ಬರು ಇನ್ನೊಬ್ಬರನ್ನೇ ತಳ್ಳುತ್ತಾರೆ. ಇಲ್ಲೂ ಅದೇ, ಎರಡರ ಔಟ್‌ಪುಟ್ ಅಲೆಗಳು ಒಟ್ಟಿಗೇ ಏರಿಳಿಯಬೇಕು. 50 ಹರ್ಟ್ಸ್‌ನಲ್ಲಿ ಒಂದು ಡಿಗ್ರಿ, ಅಂದರೆ ಅಲೆಯ ಒಂದು ಸುತ್ತಿನ 360ರಲ್ಲಿ ಒಂದು ಪಾಲು, ಬರೀ 55.6 ಮೈಕ್ರೊಸೆಕೆಂಡು. ಅಷ್ಟು ಹಿಂದೆಮುಂದೆ ಆದರೂ 230 ವೋಲ್ಟಿನ ಎರಡು ಔಟ್‌ಪುಟ್‌ಗಳ ನಡುವೆ ಸುಮಾರು 4 ವೋಲ್ಟ್ ನಿಲ್ಲುತ್ತದೆ. ಮಧ್ಯದ ಇಂಪೀಡೆನ್ಸ್ (ಕರೆಂಟಿಗೆ ಇರುವ ತಡೆ) 0.4 ಓಮ್ ಇದ್ದರೆ 10 ಆಂಪಿಯರ್ ಸುಮ್ನೆ ಒಂದರಿಂದ ಇನ್ನೊಂದಕ್ಕೆ ಸುತ್ತುತ್ತಿರುತ್ತದೆ.

ಇದನ್ನು ತಡೆಯೋಕೆ ಈ ಯುಪಿಎಸ್‌ಗಳಲ್ಲಿ ಪ್ರಿಡಿಕ್ಟಿವ್ ಕಂಟ್ರೋಲ್ ಇದೆ. ಮಾಮೂಲಿ ಕಂಟ್ರೋಲರ್ ತಪ್ಪಾದ ಮೇಲೆ ತಿದ್ದುತ್ತದೆ, ಇದು ಮುಂದಿನದನ್ನು ಮೊದಲೇ ಲೆಕ್ಕ ಹಾಕುತ್ತದೆ. ಡಿಸಿಯನ್ನು ಎಸಿ ಮಾಡುವ ಸ್ವಿಚ್‌ಗಳ ಜೋಡಣೆ, ಅಂದರೆ ಸಿಂಗಲ್ ಫೇಸ್ ಬ್ರಿಜ್, ಕೊಡುವುದು ಮೂರೇ ತರದ ವೋಲ್ಟೇಜ್: ಪ್ಲಸ್, ಮೈನಸ್, ಸೊನ್ನೆ. 50 ಮೈಕ್ರೊಸೆಕೆಂಡಿಗೊಮ್ಮೆ ಅಂತ ಇಟ್ಟುಕೊಳ್ಳಿ, ಅಲೆಯನ್ನು ನಯ ಮಾಡುವ ಫಿಲ್ಟರಿನ ಕಾಯಿಲ್ ಕರೆಂಟು, ಕೆಪಾಸಿಟರ್ ವೋಲ್ಟೇಜ್ ಎರಡನ್ನೂ ಅಳೆದು, ಈ ಮೂರರಲ್ಲಿ ಯಾವುದು ಕೊಟ್ಟರೆ ಔಟ್‌ಪುಟ್ ಸೈನ್ ಅಲೆಗೆ ಹತ್ತಿರ ಬರುತ್ತದೆ, ಲೋಡಿನಲ್ಲಿ ತನ್ನ ಪಾಲು ಅರ್ಧಕ್ಕೆ ಹತ್ತಿರ ಇರುತ್ತದೆ ಅಂತ ನೋಡಿ ಅದನ್ನೇ ಆರಿಸುತ್ತದೆ. 20 ಮಿಲಿಸೆಕೆಂಡಿನ ಒಂದು ಸೈಕಲ್‌ನಲ್ಲಿ 400 ಸಲ!

ಆದರೆ ಲೆಕ್ಕಕ್ಕೆ ಬಳಸುವ ಕಾಯಿಲ್, ಕೆಪಾಸಿಟರ್ ಮೌಲ್ಯಗಳು ಫ್ಯಾಕ್ಟರಿಯಲ್ಲಿ ತುಂಬಿದವು. ಆ ಲ್ಯಾಬಿನಲ್ಲಿ ಲೋಡೇ ಇಲ್ಲದೆ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟು ಅಳೆಯುವ ಮೀಟರ್) 9 ಆಂಪಿಯರ್ ತೋರಿಸಿತು. ಬೋರ್ಡ್ ಹೋಗಿದೆ ಅಂತ ಅರ್ಧ ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಫಿಲ್ಟರ್ ಕೆಪಾಸಿಟರ್ ಬಿಚ್ಚಿದರೆ ಮೇಲೆ 40 ಮೈಕ್ರೊಫ್ಯಾರಡ್ ಅಂತ ಬರೆದಿದೆ, ಮೀಟರ್‌ನಲ್ಲಿ 29! ಹಳೇ ಸರಕು, ಜೊತೆಗೆ ತೇವ. ಬೋರ್ಡ್ ಪಾಪ 40 ಅಂತಲೇ ನಂಬಿ ಲೆಕ್ಕ ಹಾಕುತ್ತಿತ್ತು. ಬದಲಿಸಿದ ಮೇಲೆ ಒಂದು ಆಂಪಿಯರ್‌ಗಿಂತ ಕೆಳಗಿಳಿಯಿತು.

ಹಾಗಾಗಿ ಮೊದಲು ಕೆಪಾಸಿಟರ್ ಅಳೆಯಿರಿ. ಅದಕ್ಕೂ ಮುಂಚೆ ಮೇನ್ಸ್, ಬ್ಯಾಟರಿ ಎರಡೂ ಬಿಡಿಸಿ, ಕಾದು, ಡಿಸಿ ಬಸ್ (ಒಳಗಿನ ಡಿಸಿ ಲೈನು) ಸೊನ್ನೆಗೆ ಬಂದಿದೆಯಾ ಅಂತ ಮೀಟರ್ ಇಟ್ಟು ನೋಡಿ. ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ಕೈ ಹಾಕಬೇಡಿ. ಔಟ್‌ಪುಟ್ ಕೇಬಲ್ ಎರಡೂ ಒಂದೇ ಉದ್ದ, ಒಂದೇ ದಪ್ಪ ಇರಲಿ. ಜಾಸ್ತಿ ಆಯಿತು ಅಂತ ಒಂದನ್ನು ಕತ್ತರಿಸಬೇಡಿ. ಎರಡರ ನಡುವಿನ ಸಿಗ್ನಲ್ ಕೇಬಲ್ಲಿನ ಸ್ಕ್ರೂ ಬಿಗಿ ಮಾಡಿ. ಆಮೇಲೆ ಲೋಡ್ ಇಲ್ಲದೆ ಒಂದನ್ನು ಆನ್ ಮಾಡಿ, ಅದರ ಔಟ್‌ಪುಟ್ ಸ್ಥಿರವಾದ ಮೇಲೆ ಇನ್ನೊಂದು. ಕ್ಲ್ಯಾಂಪ್ ಹಾಕಿ ನೋಡಿ. ಸರಿಯಿದ್ದರೆ ಲೋಡ್ ಕೊಡಿ, ಹಂಚಿಕೆ ಹೆಚ್ಚುಕಮ್ಮಿ ಸಮ ಇದೆಯಾ ನೋಡಿ.

ಕೊನೆಗೆ ಲ್ಯಾಬಿನವರ ಒಪ್ಪಿಗೆ ಕೇಳಿ, ಪರೀಕ್ಷೆ ನಡೆಯದ ಹೊತ್ತಿನಲ್ಲಿ ಒಂದು ಯುಪಿಎಸ್ ಆಫ್ ಮಾಡಿ. ಲೈಟು ಮಿಣುಕಬಾರದು. ಅಳೆದ ಕೆಪಾಸಿಟರ್ ಮೌಲ್ಯವನ್ನೂ ತಾರೀಖನ್ನೂ ಯುಪಿಎಸ್ ಬಾಗಿಲಿನ ಒಳಗೆ ಮಾರ್ಕರ್‌ನಲ್ಲಿ ಬರೆದಿಡಿ. ಚೀಟಿ ಅಂಟಿಸಿದರೆ ಮಳೆಗಾಲ ಮುಗಿಯೋದರೊಳಗೆ ಬೂಸ್ಟು ಹಿಡಿದು ಉದುರುತ್ತದೆ.