ಎಲ್ಲ ಮಕ್ಕಳಿಗೂ ನಿಲುಕುವ ಪಾಠ: ಯೋಜನೆ ಹೇಗೆ?

ಪಾಠಯೋಜನೆಗೆ ಕೂತ ತಕ್ಷಣ ಚಟುವಟಿಕೆ ಹುಡುಕಲು ಹೋಗಬೇಡಿ. ಮೊದಲು ಕಲಿಕಾ ಉದ್ದೇಶವನ್ನು ಸೋಸಿ. ‘2/3, 3/4ರಲ್ಲಿ ಯಾವುದು ದೊಡ್ಡದು ಎಂದು ಐದು ವಾಕ್ಯಗಳಲ್ಲಿ ಬರೆಯುತ್ತಾರೆ’ ಎಂದಿದ್ದರೆ ಅಲ್ಲಿ ಗಣಿತದ ಜತೆ ಬರವಣಿಗೆಯ ಪರೀಕ್ಷೆಯೂ ಸೇರಿಕೊಂಡಿದೆ. ಲೆಕ್ಕ ಗೊತ್ತಿದ್ದೂ ಬರೆಯಲು ತಿಣುಕುವ ಮಗು ಸುಮ್ಮನೆ ಅಂಕ ಕಳೆದುಕೊಳ್ಳುತ್ತದೆ. ‘ದೊಡ್ಡದನ್ನು ಗುರುತಿಸಿ ಕಾರಣ ಕೊಡುತ್ತಾರೆ’ ಎಂದು ತಿದ್ದಿ. ಆಗ ಹೇಳಬಹುದು, ಬರೆಯಬಹುದು, ಜೋಡಿಸಿ ತೋರಿಸಬಹುದು. (ಪ್ರಬಂಧ ರಚನೆಯೇ ಪಾಠವಾದರೆ ಮಾತು ಬೇರೆ, ಅಲ್ಲಿ ಕೈಬರಹದ ಬದಲು ಟೈಪಿಂಗ್‌ಗೆ ಅವಕಾಶ ಕೊಡಬಹುದು, ಅಷ್ಟೇ.)

ಸಾಮಗ್ರಿಗೆ, ಪ್ರತಿ ಮಗುವಿಗೂ 12 ಸೆಂ.ಮೀ. ಉದ್ದದ ಎರಡು ದಪ್ಪ ಕಾಗದದ ಪಟ್ಟಿ ಸಾಕು. ಒಂದರಲ್ಲಿ ಮೂರು ಸಮಭಾಗ, ಇನ್ನೊಂದರಲ್ಲಿ ನಾಲ್ಕು. ನಾಲ್ಕಕ್ಕೆ ಮಡಿಸುವುದು ಸುಲಭ. ಮೂರಕ್ಕೆ ಮಡಿಸುವಾಗ ಬಹಳ ಮಕ್ಕಳು ಎಡವುತ್ತಾರೆ, ಆದ್ದರಿಂದ 4 ಮತ್ತು 8 ಸೆಂ.ಮೀ.ಗೆ ಮೊದಲೇ ಗುರುತು ಹಾಕಿಡಿ. 2/3 ಅಂದರೆ 8 ಸೆಂ.ಮೀ., 3/4 ಅಂದರೆ 9. ವ್ಯತ್ಯಾಸ ಕಣ್ಣಿಗೂ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಮಡಿಕೆಯ ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿದರೆ ಕಣ್ಣು ಕಾಣದವರೂ ಭಾಗ ಎಣಿಸಬಲ್ಲರು. ಅಳತೆಯಲ್ಲಿ ಉದಾಸೀನ ಬೇಡ: ಮೂರು ಭಾಗದ ಪಟ್ಟಿ 13.5 ಸೆಂ.ಮೀ. ಆಗಿಬಿಟ್ಟರೆ ಅದರ 2/3 ಕೂಡ 9 ಸೆಂ.ಮೀ.; ಎರಡೂ ಸಮ ಎಂದು ಮಕ್ಕಳು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಬಣ್ಣ ಹಚ್ಚುವುದಾದರೆ ಕೆಂಪು–ಹಸಿರನ್ನೇ ನಂಬದೆ ಗೆರೆ, ಚುಕ್ಕೆಗಳನ್ನೂ ಬಳಸಿ.

ಮುದ್ರಿತ ಹಾಳೆಗೆ 14 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ. ಬೂದು ಅಕ್ಷರ ಬೇಡ.

ಸೂಚನೆಯನ್ನು ಒಂದೊಂದೇ ಹಂತವಾಗಿ ಹೇಳಿ, ಬೋರ್ಡಿನಲ್ಲೂ ಬರೆಯಿರಿ. ಬರೆಯುತ್ತಲೇ ಮಾತಾಡಿದರೆ ತುಟಿಚಲನೆ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ಏನೂ ದಕ್ಕದು. ಪ್ರಶ್ನೆ ಕೇಳಿ ಕನಿಷ್ಠ 3 ಸೆಕೆಂಡ್ ಸುಮ್ಮನಿರಿ, ಹೇಳಿದಷ್ಟು ಸುಲಭವಲ್ಲ.

ಉತ್ತರಿಸುವ ಬಗೆ ಎರಡೋ ಮೂರೋ ಇರಲಿ. ಹೆಚ್ಚಾದರೆ ಆರಿಸುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಎಲ್ಲಕ್ಕೂ ಒಂದೇ ಮಾನದಂಡ: ಉತ್ತರ ಸರಿಯೇ, ಕಾರಣ ಸರಿಯೇ. ಚಿತ್ರದ ಅಂದಕ್ಕೆ ಅಂಕವಿಲ್ಲ.

‘ಹಿಂದುಳಿದವರಿಗೆ’ ಎಂದು ಬೇರೆ ಹಾಳೆ ಹಂಚುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಅದು ಯಾರ ಕೈಗೆ ಹೋಯಿತೆಂದು ಇಡೀ ತರಗತಿಗೆ ತಿಳಿಯುತ್ತದೆ. ‘ಎರಡನ್ನೂ ಹನ್ನೆರಡನೇ ಭಾಗಗಳಾಗಿ ಬರೆ’ ಎಂಬಂಥ ಸುಳಿವು ಚೀಟಿಗಳನ್ನು ಎಲ್ಲರಿಗೂ ಸಿಗುವಂತೆ ಮೇಜಿನ ಮೇಲಿಡಿ.

ಕೊನೆಯ ಐದು ನಿಮಿಷ ಕಾರಣಗಳನ್ನು ಕೇಳಿ. ‘4 ದೊಡ್ಡದಲ್ವಾ, ಅದಕ್ಕೇ 3/4’ ಎಂದವರಿಗೆ 3/4, 3/5 ಕೊಟ್ಟು ನೋಡಿ. 3/5 ದೊಡ್ಡದು ಅಂದರೆ ಮೊದಲಿನ ಉತ್ತರ ಅಕಸ್ಮಾತ್ತಾಗಿ ಸರಿಹೋಗಿತ್ತು. ಮರುದಿನ ಆ ಮಗುವಿನ ಕೈಗೆ ಮತ್ತೆ ಪಟ್ಟಿ ಕೊಡಿ, ಈ ಸಲ ನಾಲ್ಕು ಮತ್ತು ಐದು ಭಾಗದ್ದು.