ಟರ್ಕಿಗೆ ಹೋಗುವವರು ಪಟಾರಾ ಬಿಡಬೇಡಿ

ಟರ್ಕಿ ಪ್ಲಾನ್ ಮಾಡುತ್ತಿದ್ದೀರಾ? ಎಲ್ಲ ದಿನ ಅಂಟಾಲ್ಯಾದಲ್ಲೇ ಕಳೆಯಬೇಡಿ. ಪಶ್ಚಿಮಕ್ಕೆ, ಕಾಶ್ ಪಟ್ಟಣದ ಕಡೆ ಹೋಗಿ, ಹಳೇ ಊರಿನ ಅವಶೇಷ, ಬೀಚ್ ಎರಡೂ ಇರುವ ಪಟಾರಾಗೆ ಎರಡು ದಿನ ಇಟ್ಟುಕೊಳ್ಳಿ. ಪಕ್ಕದ ಗೆಲೆಮಿಶ್ ಹಳ್ಳಿಯಲ್ಲಿ ಉಳಿಯಲು ಸಣ್ಣ ಸಣ್ಣ ಮನೆ-ಹೋಟೆಲ್‌ಗಳಿವೆ.

ಪಟಾರಾದಲ್ಲಿ ಹಾಳು ಪಟ್ಟಣ ದಾಟಿಕೊಂಡೇ ಬೀಚ್‌ಗೆ ಹೋಗಬೇಕು. ಹೆಚ್ಚಿನವರು ಸೀದಾ ನೀರಿಗೆ ಓಡುತ್ತಾರೆ, ನೀವು ಹಾಗೆ ಮಾಡಬೇಡಿ. ಬೆಳಿಗ್ಗೆ ಬಿಸಿಲೇರುವ ಮೊದಲೇ ಕಲ್ಲುಗಳನ್ನು ನೋಡಿ ಮುಗಿಸಿ. ಮೂರು ಕಮಾನಿನ ರೋಮನ್ ಹೆಬ್ಬಾಗಿಲು, ಆಮೇಲೆ ಥಿಯೇಟರ್, ಅದರ ಹತ್ತಿರವೇ ಲಿಸಿಯನ್ ಒಕ್ಕೂಟದ, ಅಂದರೆ ಈ ಭಾಗದ ಪ್ರಾಚೀನ ಊರುಗಳ ಕೂಟದ, ಸಭಾಭವನ. ಎರಡು ಸಾವಿರ ವರ್ಷದ ಹಿಂದೆಯೇ ಇವರಲ್ಲಿ ದೊಡ್ಡ ಊರಿಗೆ ಮೂರು ಮತ, ಮಧ್ಯಮ ಊರಿಗೆ ಎರಡು, ಚಿಕ್ಕ ಊರಿಗೆ ಒಂದು ಅಂತ ಲೆಕ್ಕ ಇತ್ತು. ಆ ಅರ್ಧಚಂದ್ರದ ಕಲ್ಲಿನ ಸಾಲಿನಲ್ಲಿ ಐದು ನಿಮಿಷ ಸುಮ್ನೆ ಕೂತು ನೋಡಿ, ಮೈ ಜುಮ್ಮೆನ್ನುತ್ತದೆ.

ಬೀಚ್ ಹತ್ತು ಕಿಲೋಮೀಟರಿಗೂ ಜಾಸ್ತಿ ಉದ್ದ, ಬರೀ ಮರಳು. ನೆರಳು ತುಂಬಾ ಕಡಿಮೆ. ನೀರು, ಟೋಪಿ, ಚಪ್ಪಲಿ ಮರೆಯಬೇಡಿ, ಮಧ್ಯಾಹ್ನ ಮರಳು ಕಾದ ಹೆಂಚಿನ ಹಾಗಿರುತ್ತದೆ.

ಒಂದು ವಿನಂತಿ. ಬೇಸಿಗೆಯಲ್ಲಿ ಕಡಲಾಮೆಗಳು ಇಲ್ಲಿ ಮೊಟ್ಟೆ ಇಡುತ್ತವೆ. ಆಗ ರಾತ್ರಿ ಬೀಚ್ ಮುಚ್ಚಿರುತ್ತದೆ, ಕತ್ತಲಾಗುವ ಮೊದಲೇ ಹೊರಡಿ. ಗೂಡಿನ ಮೇಲೆ ಪಂಜರ ಇಟ್ಟಿದ್ದರೆ ದೂರ ಇರಿ, ಕೊಡೆ ಚುಚ್ಚಬೇಡಿ.

ಸಸ್ಯಾಹಾರಿಗಳು ಗೋಜ್ಲೆಮೆ ಕೇಳಿ. ತೆಳ್ಳಗೆ ಲಟ್ಟಿಸಿ, ಪಾಲಕ್, ಚೀಸ್ ತುಂಬಿ ಕಾವಲಿಯ ಮೇಲೆ ಬೇಯಿಸಿ ಕೊಡುತ್ತಾರೆ.